ಪೊಂಗಲ್ ರಜೆಯ ಆವರಿಕೆ

ಅಲ್ಲಿಯವರೆಗೆ ಎಲ್ಲ ಸರಾಗವಾಗಿಯೇ ಸಾಗಿತ್ತು. ಪೆರುಂಗುಡಿಯ ಆ ಗಾಜಿನ ಕಟ್ಟಡದಲ್ಲಿ, ಎ.ಸಿ. ಮೈ ಕೊರೆಯುತ್ತಿದ್ದ ಸಭಾಕೋಣೆಯಲ್ಲಿ, ಶ್ರೀಪ್ರಿಯಾ ತನ್ನ ನಾಲ್ಕು ವರ್ಷದ ದುಡಿಮೆಯನ್ನು ಹೇಳಿ ಮುಗಿಸಿದ್ದಳು. ಪೋರೂರಿನ ವೈದ್ಯಕೀಯ ಕಾಲೇಜೊಂದರ ಸಂಶೋಧನಾ ವಿಭಾಗದಲ್ಲಿ ಅವಳ ಕೆಲಸ. ಅವಳ ಯೋಜನೆಯ ಬೆನ್ನಿಗೆ ನಿಂತದ್ದು ಈ ಔಷಧ ಕಂಪನಿ. ಮುಂದಿನ ಹಂತಕ್ಕೆ ಹೋಗಬೇಕೋ, ಇಲ್ಲಿಗೇ ಬಾಗಿಲು ಹಾಕಬೇಕೋ ಎಂದು ತೀರ್ಮಾನಿಸಲು ಕಂಪನಿಯವರು ಹೊರಗಿನ ಮೂವರು ತಜ್ಞರನ್ನು ಕೂರಿಸಿದ್ದರು. ಇಬ್ಬರು ಆಗಲೇ ತಲೆದೂಗಿದ್ದರು. ಮೂರನೆಯವರ ಮುಖದಲ್ಲಿ ಒಂದು ಗೆರೆಯೂ ಅಲುಗಿರಲಿಲ್ಲ.

ಅವರ ಹೆಸರು ಮಧುಸೂದನ್. ರೋಗನಿರೋಧಕ ಶಾಸ್ತ್ರದಲ್ಲಿ ಅವರು ಆಡಿದ್ದೇ ಕೊನೆಯ ಮಾತು. ಮನೆಮಾತು ಕನ್ನಡವಾದರೂ ಸಭೆಯಲ್ಲಿ ಇಂಗ್ಲಿಷ್ ಬಿಟ್ಟು ಒಂದಕ್ಷರ ಆಡಿದವರಲ್ಲ. ಅವರೆದುರು ನಿಂತು ಬೆವರದ ಸಂಶೋಧಕರು ಚೆನ್ನೈಯಲ್ಲಿ ಯಾರಾದರೂ ಇದ್ದರೆ ತೋರಿಸಿ, ನೋಡೋಣ!

ಶ್ರೀಪ್ರಿಯಾ ಹೇಳಿದ್ದಾದರೂ ಏನು? ಆವರಿಕೆ ಹೂವಿನ ಕಥೆ. ತಮಿಳರು ಅದನ್ನೇ ಆವಾರಂಪೂ ಅನ್ನುತ್ತಾರೆ. ರೈಲು ಹಳಿಯ ಪಕ್ಕ, ಹೆದ್ದಾರಿಯ ಅಂಚಿನಲ್ಲಿ, ಯಾರೂ ನೀರೆರೆಯದ ಒಣ ಜಾಗದಲ್ಲಿ ಹಳದಿ ಹಳದಿಯಾಗಿ ಅರಳಿ ನಿಲ್ಲುತ್ತದಲ್ಲ, ಅದೇ. ಆ ಹೂವಿನ ಬಣ್ಣವನ್ನೂ ಒಗರನ್ನೂ ಬೇರೆಯವರು ಹಿಡಿದು ಕೂತಿದ್ದರು. ಶ್ರೀಪ್ರಿಯಾ ಹಿಡಿದದ್ದು ಅವರೆಲ್ಲ ಸಿಂಕಿಗೆ ಚೆಲ್ಲುತ್ತಿದ್ದ ಲೋಳೆಯನ್ನು. ಒಣಗಿದ ಹೂವನ್ನು ನೀರಿನಲ್ಲಿ ಕುದಿಸಿ, ಸೋಸಿ, ಮೇಲೆ ಆಲ್ಕೋಹಾಲ್ ಸುರಿದರೆ ಗಂಜಿಯಂಥ ಒಂದು ಪದಾರ್ಥ ತಳಕ್ಕಿಳಿಯುತ್ತದೆ. ಅದೇ ಪಾಲಿಸ್ಯಾಕರೈಡ್: ಸಕ್ಕರೆಯ ಕಣಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡ ಉದ್ದನೆಯ ಸರ. ನಮ್ಮ ರಕ್ತದಲ್ಲೂ ಅಂಗಾಂಗಗಳಲ್ಲೂ ಹಗಲಿರುಳು ಗಸ್ತು ತಿರುಗುವ ಕಾವಲು ಕೋಶಗಳಿವೆ. ಈ ಸರ ತಗುಲಿದರೆ ಅವು ಮೈಕೊಡವಿಕೊಂಡು ಎದ್ದು, ಎಚ್ಚರಿಕೆಯ ಪ್ರೋಟೀನನ್ನು ಹೊರಗೆ ಬಿಟ್ಟು, ಉಳಿದ ಪಡೆಯನ್ನು ಕರೆಯುತ್ತವೆ ಎಂಬುದು ಅವಳ ವಾದ. ಪುರಾವೆಗೆ ಒಂದು ಗ್ರಾಫು. ಅದರಲ್ಲಿ ಮೂರನೇ ಬ್ಯಾಚಿನ ಕಂಬ ಉಳಿದವುಗಳಿಗಿಂತ ಮೂರು ಪಟ್ಟು ಎತ್ತರಕ್ಕೆ ಎದ್ದು ನಿಂತಿತ್ತು.

ಮಧುಸೂದನ್ ಆ ಕಂಬದತ್ತ ಪೆನ್ನು ತೋರಿಸಿದರು.

"ಡಾಕ್ಟರ್ ಶ್ರೀಪ್ರಿಯಾ, ಇದು ಹೂವಿನ ಕೆಲಸ ಅಂತ ನಿಮಗೆ ಹೇಗೆ ಗೊತ್ತು?"

"ಹೂವಿನ ಸಾರ ಬಿಟ್ಟು ಬೇರೇನೂ ಹಾಕಿಲ್ಲ, ಸರ್."

"ನೀವು ಹಾಕಿಲ್ಲ. ತಾನಾಗೇ ಬಂದಿದ್ದರೆ? ಬ್ಯಾಕ್ಟೀರಿಯಾದ ಹೊರಗೋಡೆಯ ಚೂರು, ಎಂಡೋಟಾಕ್ಸಿನ್. ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತೆ, ಈ ಚೂರು ಹೋಗಲ್ಲ. ಅದು ಒಂದಿಷ್ಟು ಇದ್ದರೂ ಕಾವಲು ಕೋಶ ಹೀಗೇ ಕುಣಿಯುತ್ತೆ. ಇದಕ್ಕೆ ಪರೀಕ್ಷೆ ಮಾಡಿದ್ದೀರಾ?"

"ಮೊದಲ ಬ್ಯಾಚಿಗೆ ಮಾಡಿದ್ದೆವು ಸರ್. ಶುದ್ಧವಾಗಿತ್ತು."

"ಮೂರನೆಯದಕ್ಕೆ?"

"ಇಲ್ಲ, ಸರ್," ಎಂದಳು ಶ್ರೀಪ್ರಿಯಾ. ಅದೇ ಹೂವು, ಅದೇ ವಿಧಾನ, ಮತ್ತೆ ಮತ್ತೆ ಯಾಕೆ ಎಂದು ಬಿಟ್ಟಿದ್ದಳು. ಬಿಡಬಾರದಿತ್ತು.

"ಆವರಿಕೆ ಹೂವಿನ ಲೋಳೆ ಅಂತ ಹೇಳಿಕೊಂಡು ನಾಲ್ಕು ವರ್ಷ ನೀವು ಕೊಳೆಯನ್ನು ಅಳೆದಿರಬಹುದು," ಎಂದರು ಮಧುಸೂದನ್, ಕೋಪವಿಲ್ಲದೆ, ಮಳೆ ಬರಬಹುದು ಎನ್ನುವ ಧ್ವನಿಯಲ್ಲಿ. ಸಭೆ ತೀರ್ಮಾನವನ್ನು ಮುಂದಕ್ಕೆ ಹಾಕಿತು. ಇದು ಹೂವಿನದೇ ಕೆಲಸ ಎಂದು ಮಧುಸೂದನ್ ಅವರಿಗೆ ಒಪ್ಪಿಗೆಯಾಗುವಂತೆ ತೋರಿಸಿದರೆ ಯೋಜನೆ ಉಳಿಯುತ್ತದೆ, ಇಲ್ಲದಿದ್ದರೆ ಮುಗಿಯಿತು.

ತಿರುವಲ್ಲಿಕೇಣಿಯ ಮನೆಗೆ ಬರುವ ಹೊತ್ತಿಗೆ ಅವಳಿಗೆ ಅಳಬೇಕೋ, ಯಾರ ಮೇಲಾದರೂ ಹರಿಹಾಯಬೇಕೋ ತಿಳಿಯದಂತಾಗಿತ್ತು. ಬಾಗಿಲು ತೆರೆದದ್ದು ಅತ್ತೆ ಗೋದಾಬಾಯಿ. ಎಪ್ಪತ್ತು ದಾಟಿದರೂ ಬೆನ್ನು ಬಾಗದ, ನಾಲಿಗೆಯಂತೂ ಮೊದಲೇ ಬಾಗದ ಹೆಂಗಸು. ನಾಲ್ಕು ತಲೆಮಾರಿನಿಂದ ಮದ್ರಾಸಿನಲ್ಲೇ ಬೇರುಬಿಟ್ಟ ಮಾಧ್ವರ ಮನೆ ಅದು. ಆಡುವ ಕನ್ನಡದಲ್ಲಿ ಅರ್ಧ ತಮಿಳು, ಪಾಲಿಸುವ ಮಡಿಯಲ್ಲಿ ಮಾತ್ರ ಎಳ್ಳಷ್ಟೂ ಬೆರಕೆಯಿಲ್ಲ.

"ಏನಮ್ಮಾ, ಮುಖ ಇಷ್ಟು ವಾಡಿಹೋಗಿದೆ? ಬಿಸಿಲಲ್ಲಿ ಅಲೆದ್ಯಾ? ಇರು, ಕಾಫಿ ತರ್ತೀನಿ."

"ಕಾಫಿ ಬೇಡ ಅತ್ತೆ."

"ಕಾಫಿ ಬೇಡ ಅಂದ್ರೆ ವಿಷಯ ದೊಡ್ಡದೇ. ಕೂತ್ಕೋ. ಹೇಳು."

ಗೋದಾಬಾಯಿಗೆ ವಿಜ್ಞಾನ ಗೊತ್ತಿರಲಿಲ್ಲ, ಆದರೆ ಸೊಸೆ ಏನೋ ದೊಡ್ಡದನ್ನು ಮಾಡುತ್ತಿದ್ದಾಳೆ ಎಂಬುದು ಗೊತ್ತಿತ್ತು. ಬೀದಿಯ ಅಷ್ಟೂ ಮನೆಗೆ ಹೇಳಿಕೊಂಡು ಬಂದವರೂ ಅವರೇ. ಶ್ರೀಪ್ರಿಯಾ ಸೋಫಾದ ತುದಿಯಲ್ಲಿ ಕೂತು, ಆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟಳು.

"ಆ ಮೂರನೇ ಬ್ಯಾಚಿನಲ್ಲಿ ಕೊಳೆ ಸೇರಿದೆ ಅಂತಾರೆ, ಅತ್ತೆ. ಅದು ಪೊಂಗಲ್ ರಜೆಯ ಹೂವು. ಲ್ಯಾಬಿಗೆ ಬೀಗ ಹಾಕಿದ್ದರು ಅಂತ ಇಲ್ಲೇ ಮಹಡಿ ಕೋಣೆಯಲ್ಲಿ ಹರವಿ, ನಾನೂ ನಿಮ್ಮ ಮಗನೂ ಕೊಯಮತ್ತೂರಿನ ಮದುವೆಗೆ ಹೋಗಿದ್ವಲ್ಲ, ಅದೇ ಹೂವು. ಬಾಗಿಲು ಮುಚ್ಚಿದ ಕೋಣೆಯಲ್ಲಿ, ಯಾರೂ ಮುಟ್ಟದ ಹೂವಿಗೆ ಕೊಳೆ ಎಲ್ಲಿಂದ ಬರುತ್ತೆ?"

"ಅದಾನೇ! ಅದೇ ಮತ್ತೆ!" ಗೋದಾಬಾಯಿ ತೊಡೆ ತಟ್ಟಿದರು. "ಕೊಳೆಯಂತೆ, ಕೊಳೆ! ನಾಲಿಗೆಗೆ ಎಲುಬಿಲ್ಲ ಅಂತ ಏನು ಬೇಕಾದ್ರೂ ಹೇಳೋದಾ? ಆ ಹೂವನ್ನ ನಾನು ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಂಡಿದ್ದೀನಿ. ನೀವು ಅತ್ತ ಹೋದ್ರಿ, ಇತ್ತ ಅದು ಪೇಪರ್ ಮೇಲೆ ಬಾಡ್ತಾ ಬಿದ್ದಿತ್ತು, ಪಾವಂ. ಹಬ್ಬದ ದಿನ ಮನೇಲಿ ಅಷ್ಟು ಹೂ ಬಾಡಬಹುದಾ? ಬಾಳೆಲೆ ಹಾಸಿ, ಅದರ ಮೇಲೆ ಹರವಿ, ಬೆಳಿಗ್ಗೆ ಸಂಜೆ ನೀರು ಚಿಮುಕಿಸಿ, ಮೇಲೆ ಒದ್ದೆ ಬಟ್ಟೆ ಹೊದಿಸಿದೆ. ನೀವು ಬರೋ ಬೆಳಿಗ್ಗೆ ಮತ್ತೆ ಪೇಪರ್ ಮೇಲೆ ನೀನಿಟ್ಟ ಹಾಗೇ ಇಟ್ಟೆ. ನೀನೇ ಹೇಳಿದ್ಯಲ್ಲ, 'ಎಷ್ಟು ಫ್ರೆಶ್ಶಾಗಿದೆ' ಅಂತ!"

ಶ್ರೀಪ್ರಿಯಾ ನೆನಪಿಸಿಕೊಂಡಳು. ಹೌದು, ಹೇಳಿದ್ದಳು. ಚಳಿಗಾಲದ ತಂಪಿಗೆ ಹೂ ಒಣಗಿಲ್ಲ ಎಂದುಕೊಂಡು ಹಾಗೇ ಲ್ಯಾಬಿಗೆ ಒಯ್ದು ಓವನ್ನಿನಲ್ಲಿ ಒಣಗಿಸಿದ್ದಳು. ಒದ್ದೆ ಬಟ್ಟೆಯ ಕೆಳಗೆ, ಮುಚ್ಚಿದ ಮಹಡಿ ಕೋಣೆಯಲ್ಲಿ, ಅಷ್ಟು ದಿನ! ಬ್ಯಾಕ್ಟೀರಿಯಾಗಳಿಗೆ ಅದಕ್ಕಿಂತ ಒಳ್ಳೆಯ ಪೊಂಗಲ್ ಊಟ ಬೇರೆಲ್ಲಿ ಸಿಗಬೇಕು?

"ಅತ್ತೇ..." ಎಂದು ಅವರತ್ತ ನೋಡಿದಳು.

"ಯಾಕೆ ಹಾಗೆ ನೋಡ್ತೀಯ? ಮಡಿ ಬಟ್ಟೆ ಕಣೇ! ಸ್ನಾನ ಮಾಡಿ, ಬೇರೆ ಕೋಲಲ್ಲಿ ಒಣಗಿಸಿದ್ದು. ನೀರು ಕೂಡ ದೇವರ ಚೊಂಬಿನದು. ಯಾರೂ ಮುಟ್ಟಿಲ್ಲ!"

"ಮಡಿ ಬಟ್ಟೆಯಲ್ಲೂ ಬ್ಯಾಕ್ಟೀರಿಯಾ ಬೆಳೆಯುತ್ತೆ, ಅತ್ತೆ. ಒದ್ದೆ ಇದ್ದರೆ ಸಾಕು ಅದಕ್ಕೆ."

ಗೋದಾಬಾಯಿ ಮೊದಲು ನಂಬಲಿಲ್ಲ. ಆಮೇಲೆ ಸೊಸೆಯ ಮುಖ ನೋಡಿ ನಂಬಿದರು. ಎದ್ದು ನಿಂತಿದ್ದವರು ಮೆಲ್ಲಗೆ ಕೂತರು. "ಅಂದ್ರೆ ನಿನ್ನ ನಾಲ್ಕು ವರ್ಷದ ಕೆಲಸಕ್ಕೆ ನಾನೇ ನೀರು ಹೊಯ್ದೆನಾ?" ಎಂದು ಕೇಳಿದರು. ಶ್ರೀಪ್ರಿಯಾಳಿಗೆ ಆ ಗಳಿಗೆಯಲ್ಲಿ ಭಾರಿ ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಬೇಕು? ಅತ್ತೆಯ ಮೇಲೆ, ಪೊಂಗಲ್ ಮೇಲೆ, ಮದುವೆ ಮಾಡಿಕೊಂಡ ಆ ಕೊಯಮತ್ತೂರಿನವರ ಮೇಲೆ. ಆದರೆ ಎಲ್ಲಕ್ಕಿಂತ ಹೆಚ್ಚಾಗಿ ಒಂದು ಪ್ರಶ್ನೆ ಕೇಳದೆ ಹೂ ಎತ್ತಿಕೊಂಡು ಹೋದ ತನ್ನ ಮೇಲೆ. "ನೀವಲ್ಲ ಅತ್ತೆ, ನಾನು," ಎಂದು ಹೇಳಿ ಒಳಗೆ ಹೋಗಿ ಮುಖ ತೊಳೆದುಕೊಂಡಳು.

ಮರುದಿನ ಲ್ಯಾಬಿನಲ್ಲಿ ಕಲಾವತಿಗೆ ಎಲ್ಲ ಹೇಳಿದಳು. ಕಲಾವತಿ ಅವಳ ಜೊತೆ ಕೆಲಸ ಮಾಡುವ ವಿಜ್ಞಾನಿ, ಪೆರಂಬೂರಿನ ರೈಲ್ವೆ ಕುಟುಂಬದ ಹುಡುಗಿ. ಮನೆಯಲ್ಲಿ ಧಾರವಾಡದ ಕನ್ನಡ, ಶಾಲೆಯಲ್ಲಿ ತಮಿಳು, ಎರಡೂ ಕಲೆಸಿ ಅವಳ ಬಾಯಲ್ಲಿ ಒಂದು ಹೊಸ ಭಾಷೆಯೇ ಹುಟ್ಟಿಕೊಂಡಿತ್ತು. ಕೇಳಿ ಮೊದಲು ಬಿದ್ದು ಬಿದ್ದು ನಕ್ಕಳು, ಆಮೇಲೆ ತಲೆಮೇಲೆ ಕೈ ಹೊತ್ತಳು.

"ಅಡಪಾವಿ! ಮಡಿ ಬಟ್ಟಿ ಹೊದಿಸ್ಯಾರಂತ, ಮಡಿ ಬಟ್ಟಿ! ಈಗೇನ್ ಮಾಡೋಣ? ಒಂದ್ ಐಡಿಯಾ ಹೇಳ್ತೀನಿ, ಬೈಬ್ಯಾಡ. ಮೂರನೇ ಬ್ಯಾಚ್ ಸುಮ್ನ ಬಿಟ್ಬಿಡು. 'ಸ್ಯಾಂಪಲ್ ಮುಗೀತು' ಅಂದ್ರಾತು. ಉಳಿದದ್ದು ತೋರಿಸು. ಮುಗೀತಲ್ಲ ಕಥಿ?"

ಶ್ರೀಪ್ರಿಯಾಳಿಗೆ ಆಸೆಯಾಗಲಿಲ್ಲ ಎಂದೇನಲ್ಲ. ಬಾಟಲಿಯನ್ನು ಕೈಯಲ್ಲಿ ಹಿಡಿದು ನೋಡಿದಳು. ಹತ್ತಿಯಷ್ಟು ಹಗುರವಾದ ಕೆನೆಬಣ್ಣದ ಪುಡಿ. ಮೂರನೇ ಬ್ಯಾಚಿನದು ನೋಡಲಿಕ್ಕೆ ಉಳಿದವುಗಳಿಗಿಂತ ಬೇರೆಯೇ ಅಲ್ಲ. ಸಿಂಕಿನ ನಲ್ಲಿ ತಿರುಗಿಸಿದರೆ ಅರ್ಧ ನಿಮಿಷದ ಕೆಲಸ.

"ಬಿಟ್ಟರೆ ಅವರು ಬಿಡ್ತಾರಾ ಕಲಾ? ಅದಿರಲಿ. ಉಳಿದ ಬ್ಯಾಚುಗಳೂ ಹೀಗೇ ಆಗಿದ್ದರೆ? ಆ ಹೂವುಗಳನ್ನ ಯಾರು ಎಲ್ಲಿ ನೀರು ಚಿಮುಕಿಸಿ ಇಟ್ಟಿದ್ದರೋ? ಇದು ನಿಜವಾಗಿ ಹೂವಿನ ಕೆಲಸವಾ ಅಲ್ಲವಾ ಅಂತ ಮೊದಲು ನನಗೆ ಗೊತ್ತಾಗಬೇಕು. ಅಲ್ಲ ಅಂತಾದರೆ ನಾನೇ ಹೋಗಿ ಅಲ್ಲ ಅಂತ ಹೇಳಿ ಬರ್ತೀನಿ."

"ಅಂದ್ರ?"

"ಕಿವುಡು ಕೋಶ ತರಿಸೋಣ."

ಕಿವುಡು ಕೋಶ ಎಂಬುದು ಅವರಿಬ್ಬರ ಮಾತು. ಬ್ಯಾಕ್ಟೀರಿಯಾದ ಆ ಗೋಡೆಯ ಚೂರನ್ನು ಗುರುತು ಹಿಡಿಯಲು ಕಾವಲು ಕೋಶದ ಮೈಮೇಲೆ ಒಂದು ಗ್ರಾಹಕ, ಅಂದರೆ ಕಿವಿಯಂಥ ಒಂದು ರಿಸೆಪ್ಟರ್, ಇರುತ್ತದೆ. ಆ ಒಂದು ಗ್ರಾಹಕ ಮಾತ್ರ ಇಲ್ಲದ ತಳಿಯ ಕೋಶಗಳೂ ಇವೆ. ಅವುಗಳ ಎದುರು ಎಷ್ಟು ಎಂಡೋಟಾಕ್ಸಿನ್ ಸುರಿದರೂ ಅವು ಕಣ್ಣು ಬಿಡುವುದಿಲ್ಲ. ಆದರೆ ಬೇರೆ ಬಾಗಿಲಿನಿಂದ ಯಾರಾದರೂ ಕರೆದರೆ ಓಗೊಡುತ್ತವೆ. ಹೂವಿನ ಸರಕ್ಕೆ ನಿಜವಾಗಿ ಶಕ್ತಿ ಇದ್ದರೆ ಈ ಕಿವುಡು ಕೋಶಗಳೂ ಏಳಬೇಕು. ಏಳದಿದ್ದರೆ ಮಧುಸೂದನ್ ಹೇಳಿದ್ದೇ ಸರಿ.

ಅಂಥ ಕೋಶ ಮದುರೈಯಲ್ಲಿ ಕಲಾವತಿಯ ಗೆಳತಿಯೊಬ್ಬಳ ಲ್ಯಾಬಿನಲ್ಲಿತ್ತು. ಅದು ಬರುವ ಮೊದಲು ಶ್ರೀಪ್ರಿಯಾ ಇನ್ನೊಂದು ಕೆಲಸ ಮಾಡಿದಳು. ಅಂದು ಬಿಟ್ಟಿದ್ದ ಪರೀಕ್ಷೆಯನ್ನು ಮೂರನೇ ಬ್ಯಾಚಿಗೆ ಮಾಡಿ, ಫಲಿತಾಂಶ ಕೈಗೆ ಬಂದ ಕೂಡಲೇ ಮಧುಸೂದನ್ ಅವರಿಗೆ ಫೋನ್ ಮಾಡಿದಳು.

"ಸರ್, ನೀವು ಹೇಳಿದ್ದು ನಿಜ. ಮೂರನೇ ಬ್ಯಾಚಿನಲ್ಲಿ ಎಂಡೋಟಾಕ್ಸಿನ್ ಇದೆ. ಹೇಗೆ ಬಂತು ಅಂತಲೂ ಗೊತ್ತಾಯಿತು," ಎಂದು ಅತ್ತೆಯ ಬಾಳೆಲೆ, ಒದ್ದೆ ಬಟ್ಟೆ, ಯಾವುದನ್ನೂ ಮುಚ್ಚಿಡದೆ ಹೇಳಿದಳು.

"ಹಾಗಾದರೆ ಮುಗಿಯಿತಲ್ಲ?" ಎಂದರು ಮಧುಸೂದನ್.

"ಇಲ್ಲ ಸರ್. ಆ ಬ್ಯಾಚನ್ನೂ ಸೇರಿಸಿ ಎಲ್ಲವನ್ನೂ ಕಿವು... ಆ ಗ್ರಾಹಕ ಇಲ್ಲದ ಕೋಶಗಳ ಮೇಲೆ ಹಾಕ್ತೀನಿ. ನೀವೇ ಬಂದು ನಿಲ್ಲಬೇಕು. ಬಾಟಲಿಗಳ ಹೆಸರು ಅಳಿಸಿ ನಿಮಗೆ ಬೇಕಾದ ಗುರುತು ಹಾಕಿ. ಯಾವುದು ಯಾವುದು ಅಂತ ನಮಗೆ ತಿಳಿಯೋದೇ ಬೇಡ. ಕೊನೆಗೆ ನೀವೇ ಬಿಡಿಸಿ ಹೇಳಿ."

"ಸೋತರೆ?"

"ಸೋತೆ ಅಂತ ಒಪ್ಕೋತೀನಿ ಸರ್."

"ಬರ್ತೀನಿ," ಎಂದು ಫೋನ್ ಇಟ್ಟರು.

ಇತ್ತ ಮನೆಯಲ್ಲಿ ಗೋದಾಬಾಯಿಯ ಸ್ಥಿತಿ ನೋಡಲಾಗುತ್ತಿರಲಿಲ್ಲ. ಬೀದಿಯವರ ಹತ್ತಿರ ಸೊಸೆಯ ಸುದ್ದಿ ಎತ್ತುವುದನ್ನೇ ಬಿಟ್ಟರು. ಹೂವಾಡಗಿತ್ತಿ ತಂದ ಮಲ್ಲಿಗೆಗೆ ನೀರು ಚಿಮುಕಿಸಲು ಕೈ ಎತ್ತಿದವರು ಹಾಗೇ ಕೆಳಗಿಳಿಸಿದರು. ಆ ವಾರವೆಲ್ಲ ರಾಯರ ಪಟಕ್ಕೆ ಬಾಡಿದ ಮಾಲೆಯೇ. ಮಗ ಬದರಿನಾಥ, "ಅಮ್ಮಾ, ದೇವರ ಹೂವಿಗೆ ನೀರು ಹಾಕಬಹುದಮ್ಮಾ," ಎಂದು ನಗಿಸಲು ನೋಡಿದರೆ, "ನೀನು ಸುಮ್ನಿರಪ್ಪಾ, ನನ್ನ ಕೈಯೇ ಸರಿಯಿಲ್ಲ," ಎಂದು ಮುಖ ತಿರುಗಿಸಿದರು. ಶ್ರೀಪ್ರಿಯಾಳಿಗೆ ಇದ್ದ ಸಿಟ್ಟೆಲ್ಲ ಅದನ್ನು ನೋಡಿಯೇ ಇಳಿದುಹೋಯಿತು. ಈಗ ಅವಳಿಗೆ ಗೆಲ್ಲಬೇಕಾಗಿದ್ದದ್ದು ತನಗಾಗಿ ಮಾತ್ರ ಅಲ್ಲ. ಸೋತರೆ ಈ ಹೆಂಗಸು ಬದುಕಿರುವಷ್ಟು ದಿನ ತನ್ನನ್ನು ತಾನೇ ಬಯ್ದುಕೊಳ್ಳುತ್ತಾರೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮದುರೈಯ ಕೋಶಗಳು ವೈಗೈ ಎಕ್ಸ್‌ಪ್ರೆಸ್ಸಿನಲ್ಲಿ ಬಂದವು. ಪೋಷಕ ದ್ರವ ತುಂಬಿದ ಪುಟ್ಟ ಫ್ಲಾಸ್ಕು, ಅದರ ತಳಕ್ಕೆ ಅಂಟಿಕೊಂಡ ಕಣ್ಣಿಗೆ ಕಾಣದ ಲಕ್ಷಾಂತರ ಜೀವ. ಗೆಳತಿ ಅದನ್ನು ಮಡಿಲಲ್ಲಿಟ್ಟುಕೊಂಡೇ ಬಂದಿದ್ದಳು. ಎಗ್ಮೋರ್ ನಿಲ್ದಾಣದ ಜನಜಂಗುಳಿಯಲ್ಲಿ ಕಲಾವತಿ ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, "ವಳಿ ವಿಡುಂಗ, ವಳಿ ವಿಡುಂಗ!" ಎಂದು ದಾರಿ ಬಿಡಿಸಿಕೊಂಡು ನಡೆದದ್ದನ್ನು ನೋಡಿ ಒಬ್ಬ ಪೋರ್ಟರು ಒಳಗೆ ಏನಿದೆ ಎಂದು ಕೇಳಿಯೇಬಿಟ್ಟ. "ಕಾವಲುಗಾರರು ಅಣ್ಣಾ," ಎಂದಳು ಅವಳು ತಮಿಳಿನಲ್ಲಿ. ಅವನು ನಕ್ಕು ದಾರಿ ಬಿಟ್ಟ.

ಪರೀಕ್ಷೆಯ ದಿನ ಮಧುಸೂದನ್ ಹೇಳಿದ ಹೊತ್ತಿಗೆ ಸರಿಯಾಗಿ ಪೋರೂರಿಗೆ ಬಂದರು. ಚಹಾ ಬೇಡ ಎಂದರು. ಬಾಟಲಿಗಳನ್ನು ಒಳಗೆ ಒಯ್ದು, ಬಾಗಿಲು ಹಾಕಿಕೊಂಡು, ಹೆಸರು ಅಳಿಸಿ ಬಣ್ಣದ ಸ್ಟಿಕರು ಅಂಟಿಸಿದರು. ಕೆಂಪು, ಹಸಿರು, ನೀಲಿ, ಕಪ್ಪು, ಬಿಳಿ. ನೀರಿಲ್ಲದೆ ಒಣಗಿದ ಎರಡು ಬ್ಯಾಚು, ಪೊಂಗಲ್ ಬ್ಯಾಚು, ಅಪ್ಪಟ ಎಂಡೋಟಾಕ್ಸಿನ್, ಮತ್ತೆ ಕಿಣ್ವ ಹಾಕಿ ಸಕ್ಕರೆಯ ಸರವನ್ನೇ ತುಂಡು ತುಂಡು ಮಾಡಿದ ಹೂವಿನ ಸಾರ. ಇವಿಷ್ಟರಲ್ಲಿ ಯಾವುದಕ್ಕೆ ಯಾವ ಬಣ್ಣ ಎಂಬುದು ಅವರ ತಲೆಯಲ್ಲಿ ಮಾತ್ರ. ಶ್ರೀಪ್ರಿಯಾ, ಕಲಾವತಿ ಇಬ್ಬರೂ ಕೂತು ಪ್ರತಿಯೊಂದನ್ನೂ ಮಾಮೂಲಿ ಕೋಶಗಳಿಗೂ ಕಿವುಡು ಕೋಶಗಳಿಗೂ ಉಣಿಸಿದರು. ಮಧುಸೂದನ್ ಕೈ ಕಟ್ಟಿಕೊಂಡು ಹಿಂದೆಯೇ ನಿಂತಿದ್ದರು. ಕೋಶಗಳನ್ನು ಬೆಚ್ಚಗಿನ ಪೆಟ್ಟಿಗೆಗೆ ಸೇರಿಸಿ ಅವರೇ ಬೀಗ ಹಾಕಿ, ಬೀಗದ ಕೈ ಜೇಬಿಗಿಳಿಸಿಕೊಂಡು ಹೋದರು.

ಮರುದಿನ ಬೆಳಿಗ್ಗೆ ಶ್ರೀಪ್ರಿಯಾ ಚಪ್ಪಲಿ ಮೆಟ್ಟುವಾಗ ಗೋದಾಬಾಯಿ ರೇಷ್ಮೆ ಅಂಚಿನ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದರು.

"ನಾನೂ ಬರ್ತೀನಿ."

"ಅಲ್ಲಿ ಒಳಗೆ ಬಿಡಲ್ಲ ಅತ್ತೆ. ಸುಮ್ಮನೆ ಹೊರಗೆ ಕೂರಬೇಕು."

"ಕೂರ್ತೀನಿ. ಜಪಮಣಿ ಇದೆ. ಒಳ್ಳೇದೋ ಕೆಟ್ಟದ್ದೋ, ಫೋನಲ್ಲಿ ಕೇಳೋ ಶಕ್ತಿ ನನಗಿಲ್ಲ. ನಿನ್ನ ಮುಖ ನೋಡಿ ತಿಳ್ಕೋತೀನಿ."

ಶ್ರೀಪ್ರಿಯಾ ಬೇಡ ಎನ್ನಲಿಲ್ಲ. ಲ್ಯಾಬಿನ ಹೊರಗಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅತ್ತೆಯನ್ನು ಕೂರಿಸಿ ಒಳಗೆ ಹೋದಳು. ಮಧುಸೂದನ್ ಆಗಲೇ ಬಂದು ಪೆಟ್ಟಿಗೆಯ ಬೀಗ ತೆಗೆದಿದ್ದರು.

ಎಚ್ಚರಿಕೆಯ ಪ್ರೋಟೀನನ್ನು ಅಳೆಯುವ ತಟ್ಟೆ ಅಂಗೈಯಷ್ಟು ದೊಡ್ಡದು, ಅದರ ತುಂಬ ಸಾಲು ಸಾಲು ಪುಟ್ಟ ಗುಳಿಗಳು. ಕೋಶಗಳ ಸುತ್ತಲಿನ ದ್ರವವನ್ನು ಅದಕ್ಕೆ ಹಾಕಿ, ತೊಳೆದು, ಕೊನೆಯ ರಾಸಾಯನಿಕ ಸೇರಿಸಿದರೆ ಬಣ್ಣ ಏಳುತ್ತದೆ. ಪ್ರೋಟೀನ್ ಹೆಚ್ಚಿದ್ದಷ್ಟೂ ಹಳದಿ ಹೆಚ್ಚು. ಏನೂ ಇಲ್ಲದಿದ್ದರೆ ನೀರಿನ ಹಾಗೆ ತಿಳಿ. ಮಧ್ಯಾಹ್ನದ ಹೊತ್ತಿಗೆ ಎಲ್ಲ ತಯಾರಾಯಿತು. ಶ್ರೀಪ್ರಿಯಾ ಮೇಲಿನ ಸಾಲಿಗೆ ಮೊದಲು, ಕೆಳಗಿನದಕ್ಕೆ ಆಮೇಲೆ ಎಂದು ಕೊನೆಯ ಹನಿ ಹಾಕಿದಳು.

ಮೊದಲು ಮಾಮೂಲಿ ಕೋಶಗಳ ಸಾಲು. ಕೆಂಪು ಸ್ಟಿಕರಿನದು ಎಲ್ಲಕ್ಕಿಂತ ಮುಂಚೆ, ಗಾಢ ಹಳದಿಗೆ ಏರಿತು. ಕಪ್ಪು ಅದರ ಬೆನ್ನಿಗೇ. ಹಸಿರು, ನೀಲಿ ಹಿತವಾಗಿ, ಮಧ್ಯಮ ಹಳದಿ. ಬಿಳಿ ತಿಳಿಯಾಗಿಯೇ ಉಳಿಯಿತು.

"ಇದರಿಂದ ಏನೂ ತಿಳಿಯಲ್ಲ," ಎಂದರು ಮಧುಸೂದನ್. ಅವರು ಹೇಳಿದ್ದು ಸರಿಯೇ. ತಿಳಿಯಬೇಕಾದದ್ದು ಕೆಳಗಿನ ಸಾಲು, ಕಿವುಡು ಕೋಶಗಳದ್ದು.

ಆ ಸಾಲು ಪೂರ್ತಿ ತಿಳಿಯಾಗಿತ್ತು. ಹಾಗೇ ಇತ್ತು. ಇನ್ನೂ ಹಾಗೇ ಇತ್ತು. ಮುಗೀತು, ಅತ್ತೆಗೆ ಏನು ಹೇಳಲಿ ಎಂದು ಶ್ರೀಪ್ರಿಯಾ ಒಂದು ಕ್ಷಣ ಕಣ್ಣು ಮುಚ್ಚಿಕೊಂಡಳು.

"ಏಯ್, ನೋಡಽ!" ಕಲಾವತಿ ಅವಳ ಭುಜ ಗಿಲ್ಲಿದಳು. "ಹಸಿರು ನೋಡಽ!"

ಹಸಿರು ಸ್ಟಿಕರಿನ ಗುಳಿಗಳಲ್ಲಿ ಬಣ್ಣ ಏಳುತ್ತಿತ್ತು. ಆಮೇಲೆ ನೀಲಿ. ಮೇಲಿನ ಸಾಲಿನಲ್ಲಿ ಎಷ್ಟಿತ್ತೋ ಅಷ್ಟೇ ಹಳದಿ, ಒಂದಿಷ್ಟೂ ತಗ್ಗಿಲ್ಲ. ಕೆಂಪಿನಲ್ಲೂ ಬಣ್ಣ ಬಂತು. ಆದರೆ ಮೇಲೆ ಅಷ್ಟು ಮೆರೆದಿದ್ದ ಕೆಂಪು ಇಲ್ಲಿ ಇಳಿದು, ಹಸಿರು ನೀಲಿಗಳ ಪಕ್ಕದಲ್ಲಿ ಅವುಗಳಷ್ಟೇ ಆಗಿ ಕೂತಿತು. ಕಪ್ಪು? ಕಪ್ಪು ನೀರಿನ ಹಾಗೆ ತಿಳಿ. ಬಿಳಿಯೂ ತಿಳಿ.

ಮಧುಸೂದನ್ ಬಗ್ಗಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ತಟ್ಟೆಯನ್ನು ಯಂತ್ರಕ್ಕೆ ಕೊಟ್ಟು ಅಂಕಿಗಳನ್ನು ಪರದೆಯ ಮೇಲೆ ತಾವೇ ನೋಡಿದರು.

"ಹೇಳಿ ಸರ್," ಎಂದಳು ಶ್ರೀಪ್ರಿಯಾ. "ಯಾವುದು ಯಾವುದು?"

ಅವರು ತಿರುಗಿ ನಿಂತರು. ಮೊದಲ ಬಾರಿಗೆ ಕನ್ನಡದಲ್ಲಿ ಮಾತಾಡಿದರು.

"ಕಪ್ಪು, ಅಪ್ಪಟ ಎಂಡೋಟಾಕ್ಸಿನ್. ಈ ಕೋಶಗಳಿಗೆ ಅದು ಕೇಳಿಸಲಿಲ್ಲ, ಅಂದರೆ ಪರೀಕ್ಷೆ ಸರಿಯಾಗೇ ನಡೆದಿದೆ. ಬಿಳಿ, ನೀವು ಸರ ಕತ್ತರಿಸಿದ ಸಾರ. ಸರ ಹೋಯ್ತು, ಕೆಲಸಾನೂ ಹೋಯ್ತು. ಹಸಿರು ನಿಮ್ಮ ಮೊದಲ ಬ್ಯಾಚು, ನೀಲಿ ನಾಲ್ಕನೇದು. ಕೆಂಪು ಪೊಂಗಲ್‌ದು." ಮತ್ತೆ ತಟ್ಟೆಯತ್ತ ಬೆರಳು ತೋರಿಸಿದರು. "ಮೇಲಿನ ಸಾಲಿನಲ್ಲಿ ಕೆಂಪು ಹಾರಾಡಿದ್ದು ಕೊಳೆಯಿಂದ. ಕೆಳಗೆ ಕೊಳೆಯ ಪಾಲು ಕಳೆದುಹೋಯ್ತು, ಉಳಿದದ್ದು ಮಿಕ್ಕ ಎರಡಕ್ಕೆ ಸರಿಸಮ. ಅಂದರೆ ಮೂರರಲ್ಲೂ ಕೊನೆಗೆ ಉಳಿದದ್ದು ಒಂದೇ. ಅದು ಹೂವು."

ಕಲಾವತಿ ಕಿರುಚಿಯೇಬಿಟ್ಟಳು. ಶ್ರೀಪ್ರಿಯಾ ಪರದೆಯ ಅಂಕಿಗಳನ್ನು ಇನ್ನೊಮ್ಮೆ ನೋಡಿದಳು. ನಾಲ್ಕು ವರ್ಷ ತಾನು ಅಳೆದದ್ದು ಕೊಳೆಯನ್ನಲ್ಲ!

"ಆವತ್ತು ನನ್ನ ಪ್ರಶ್ನೆ ಸರಿಯಾಗಿತ್ತು, ಡಾಕ್ಟರ್ ಶ್ರೀಪ್ರಿಯಾ," ಎಂದರು ಮಧುಸೂದನ್. "ಉತ್ತರ ನಾನು ಊಹಿಸಿದ್ದು ತಪ್ಪಾಗಿತ್ತು. ಕಂಪನಿಗೆ ಈಗಲೇ ಫೋನ್ ಮಾಡಿ ಹೇಳ್ತೀನಿ, ಯೋಜನೆ ಮುಂದುವರಿಯಲಿ ಅಂತ. ಇನ್ನೊಂದು ಮಾತು. ಆ ಕೆಂಪು ಬ್ಯಾಚನ್ನ ನೀವು ಮುಚ್ಚಿಟ್ಟು ಹಸಿರು ನೀಲಿ ಮಾತ್ರ ತಂದಿದ್ದರೆ ನಾನು ನಂಬ್ತಿರಲಿಲ್ಲ. ಕೊಳೆ ಇದ್ದಾಗ ಹೇಗಿರುತ್ತೆ, ಅದನ್ನ ತೆಗೆದರೆ ಏನು ಉಳಿಯುತ್ತೆ, ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ತೋರಿಸಿದ್ದು ಅದೊಂದೇ. ಆ ಗ್ರಾಫು ತೆಗೀಬೇಡಿ. ಮೊದಲನೇ ಪುಟದಲ್ಲಿ ಹಾಕಿ."

ಶ್ರೀಪ್ರಿಯಾ ಓಡಿದಳು. ಗ್ಲೌಸು ಕಿತ್ತೆಸೆಯುವುದಕ್ಕೂ ನಿಲ್ಲದೆ ಬಾಗಿಲು ತಳ್ಳಿ ಹೊರಗೆ ಬಂದಳು. ಗೋದಾಬಾಯಿ ಜಪಮಣಿ ಹಿಡಿದವರು ತಲೆ ಎತ್ತಿ, ಸೊಸೆಯ ಕಣ್ಣಲ್ಲಿ ನೀರು ತುಳುಕುವುದನ್ನು ನೋಡಿ, ತಪ್ಪು ತಿಳಿದುಕೊಂಡು ಬಿಳಿಚಿಕೊಂಡರು.

"ಹೋಯ್ತಾ?" ಎಂದರು, ಕೇಳಿಸದಷ್ಟು ಮೆಲ್ಲಗೆ. "ನನ್ನಿಂದ ಹೋಯ್ತಾ, ಪ್ರಿಯಾ?"

"ಉಳೀತು ಅತ್ತೆ! ನಿಮ್ಮಿಂದಲೇ ಉಳೀತು! ನಿಮ್ಮ ಪೊಂಗಲ್ ಹೂವಿಲ್ಲದಿದ್ದರೆ ಅವರು ನಂಬ್ತಾನೇ ಇರಲಿಲ್ಲವಂತೆ, ಈಗಷ್ಟೇ ಅವರ ಬಾಯಿಂದಲೇ ಹೇಳಿದರು!"

ಗೋದಾಬಾಯಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟರಲ್ಲಿ ಮಧುಸೂದನ್ ಹೊರಗೆ ಬಂದು, ವಯಸ್ಸಾದ ಹೆಂಗಸನ್ನು ಕಂಡು ಕೈ ಮುಗಿದರು. "ನೀವೇನಮ್ಮಾ ಒದ್ದೆ ಬಟ್ಟೆ ಹೊದಿಸಿದವರು?"

"ನಾನೇಪ್ಪಾ. ತಪ್ಪಾಯ್ತು. ಇನ್ನು ಮೇಲೆ ಅವಳ ಹೂವಿನ ಹತ್ತಿರ ಸುಳಿಯೋದಿಲ್ಲ."

"ತಪ್ಪಂತೂ ತಪ್ಪೇ," ಎಂದು ನಕ್ಕರು ಮಧುಸೂದನ್. ಅವರು ನಗುವುದನ್ನು ಆ ವಿಭಾಗದಲ್ಲಿ ಯಾರೂ ಅದುವರೆಗೆ ನೋಡಿರಲಿಲ್ಲ. "ಆದರೆ ನಿಮ್ಮ ಸೊಸೆ ಅದನ್ನ ಮುಚ್ಚಿಡಲಿಲ್ಲ. ಅದಕ್ಕೇ ಗೆದ್ದರು. ನಾನು ಸೋತೆ, ಸಂತೋಷವಾಗಿ ಸೋತೆ."

ಗೆದ್ದರು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಗೋದಾಬಾಯಿ ಕುರ್ಚಿಯಿಂದ ಎದ್ದರು. ಮಡಿ ಮೈಲಿಗೆ ಒಂದನ್ನೂ ನೋಡದೆ ಸೊಸೆಯನ್ನು ಗ್ಲೌಸಿನ ಸಮೇತ ಅಪ್ಪಿಕೊಂಡರು. ಆಮೇಲೆ ಆ ಉದ್ದನೆಯ ಕಾರಿಡಾರಿನಲ್ಲಿ ಫೈಲು ಹಿಡಿದು ಹೋಗುವವರು, ನೆಲ ಒರೆಸುವವರು, ಎದುರಿನ ವಾರ್ಡಿನ ರೋಗಿಗಳ ಕಡೆಯವರು ಎಲ್ಲರಿಗೂ ಕೇಳುವ ಹಾಗೆ, ಒಂದು ವಾರದಿಂದ ಕಟ್ಟಿಟ್ಟ ಗಂಟಲನ್ನು ಪೂರ್ತಿ ಬಿಚ್ಚಿ ಕೂಗಿದರು:

"ಎನ್ ಮರುಮಗಳ್ ಜೆಯಿಚ್ಚುಟ್ಟಾ! ನನ್ನ ಸೊಸೆ ಗೆದ್ದುಬಿಟ್ಟಳು!"

ಯಾರು, ಏನು, ಎತ್ತ ಎಂದು ಒಬ್ಬರಿಗೂ ಗೊತ್ತಿರಲಿಲ್ಲ. ಆದರೂ ಕಾರಿಡಾರಿನ ಆ ತುದಿಯಲ್ಲಿ ಯಾರೋ ಒಬ್ಬರು ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ ತಟ್ಟಿದರು.